ಉತ್ತರ ಬರುವುದಕ್ಕೆ ಮುಂಚಿನ 24 ಗಂಟೆ

‘ಭೂಮಿಯ ಕೇಂದ್ರದಿಂದ ಅತ್ಯಂತ ದೂರದಲ್ಲಿರುವ ಶಿಖರ ಯಾವುದು?’

ಮೊಬೈಲಿನಲ್ಲೇ ರಸಪ್ರಶ್ನೆ ಆಡುವ ಬಳಗವೊಂದಕ್ಕೆ ಸೇರಿದ ಮೊದಲ ರಾತ್ರಿ ನನ್ನ ಪರದೆಯ ಮೇಲೆ ಮೂಡಿದ ಪ್ರಶ್ನೆ ಇದು. ಓದಿ ಮುಗಿಸುವಷ್ಟರಲ್ಲೇ ಉತ್ತರ ಬರೆದು ಕಳುಹಿಸಿಬಿಟ್ಟಿದ್ದೆ: ಎವರೆಸ್ಟ್. ಶಾಲೆಯ ದಿನಗಳಿಂದ ನಾಲಗೆಯ ತುದಿಯಲ್ಲಿರುವ ಉತ್ತರ, ಸಂಶಯಪಡುವುದಕ್ಕೆ ಅದರಲ್ಲೇನಿದೆ? ಅಂದು ಪ್ರಶ್ನೆ ಹಾಕಿದವರು ಒಬ್ಬ ನಿವೃತ್ತ ಗಣಿತ ಅಧ್ಯಾಪಕರು. ಅವರು ಸರಿ ಎನ್ನಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ‘ಹಾಗೆ ಏಕೆ ಅನ್ನಿಸಿತು?’ ಎಂದು ಕೇಳಿದರು. ಅದೇ ಎಲ್ಲಕ್ಕಿಂತ ಎತ್ತರದ ಶಿಖರವಲ್ಲವೇ ಎಂದೆ.

‘ಎಲ್ಲಿಂದ ಅಳೆದರೆ?’

ಈ ಎರಡು ಪದಗಳು ಮಾರನೆಯ ದಿನವಿಡೀ ನನ್ನ ಬೆನ್ನು ಬಿಡಲಿಲ್ಲ. ಬಳಗದ ನಿಯಮ ಸರಳವಾಗಿತ್ತು. ದಿನಕ್ಕೆ ಒಂದೇ ಪ್ರಶ್ನೆ, ರಾತ್ರಿ ಒಂಬತ್ತಕ್ಕೆ. ಉತ್ತರ ಮರುದಿನ ಅದೇ ಹೊತ್ತಿಗೆ. ನಡುವಿನ 24 ಗಂಟೆ ಯಾರೂ ಎಲ್ಲಿಯೂ ಹುಡುಕಿ ನೋಡುವಂತಿಲ್ಲ. ಊಹಿಸಬಹುದು, ಊಹೆಗೆ ಕಾರಣ ಕೊಡಬೇಕು, ಬೇಕೆನಿಸಿದಷ್ಟು ಸಲ ಊಹೆಯನ್ನು ಬದಲಿಸಿಕೊಳ್ಳಬಹುದು. ಸಂಜೆಯ ಹೊತ್ತಿಗೆ, ಬೇರೇನೋ ಕೆಲಸದ ನಡುವೆ, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಇನ್ನೊಂದು ಸಾಲು ತಾನಾಗಿ ನೆನಪಿಗೆ ಬಂದಿತು: ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆ, ಸಮಭಾಜಕ ವೃತ್ತದ ಬಳಿ ಉಬ್ಬಿದೆ. ಎವರೆಸ್ಟ್ ಎಂಬ ಸಾಲನ್ನೂ ಈ ಸಾಲನ್ನೂ ನಾನು ಒಂದೇ ಕಾಲಕ್ಕೆ ಕಲಿತವನು. ಎರಡೂ ಒಂದೇ ತಲೆಯಲ್ಲಿ ವರ್ಷಗಟ್ಟಲೆ ಅಕ್ಕಪಕ್ಕದ ಮನೆಯವರಂತೆ ಇದ್ದವು, ಆದರೆ ಒಂದಕ್ಕೊಂದರ ಪರಿಚಯವಿರಲಿಲ್ಲ. ಆ ಸಂಜೆ ಪರಿಚಯವಾಯಿತು. ಉಬ್ಬಿನ ಮೇಲೆ ನಿಂತ ಬೆಟ್ಟ ಕುಳ್ಳಗಿದ್ದರೂ ಕೇಂದ್ರದಿಂದ ಹೆಚ್ಚು ದೂರದಲ್ಲಿರಬಹುದಲ್ಲ! ಸಮಭಾಜಕ ವೃತ್ತದ ಹತ್ತಿರದ ದೊಡ್ಡ ಬೆಟ್ಟ ಎಂದು ಯೋಚಿಸಿ, ಕಿಲಿಮಂಜಾರೊ ಎಂದು ಉತ್ತರ ಬದಲಿಸಿದೆ.

‘ದಾರಿ ಸರಿಯಾಗಿದೆ, ಊರು ಬೇರೆ’ ಎಂದರು ಅಧ್ಯಾಪಕರು.

ಒಂಬತ್ತಕ್ಕೆ ಉತ್ತರ ಬಂದಿತು: ಇಕ್ವೆಡಾರ್ ದೇಶದ ಚಿಂಬೊರಾಜೊ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 6,260 ಮೀಟರ್, ಎವರೆಸ್ಟ್‌ಗಿಂತ ಎರಡೂವರೆ ಕಿಲೋಮೀಟರಿಗೂ ಹೆಚ್ಚು ಕಡಿಮೆ. ಆದರೆ ಅದು ಸಮಭಾಜಕ ವೃತ್ತದಿಂದ ಒಂದೂವರೆ ಡಿಗ್ರಿಯಷ್ಟೇ ದಕ್ಷಿಣಕ್ಕಿದೆ. ಎವರೆಸ್ಟ್ ಇರುವುದು ಸುಮಾರು 28 ಡಿಗ್ರಿ ಉತ್ತರದಲ್ಲಿ. ಭೂಮಿಯ ತ್ರಿಜ್ಯ ಸಮಭಾಜಕದ ಬಳಿ 6,378 ಕಿಲೋಮೀಟರ್, ಧ್ರುವಗಳಲ್ಲಿ 6,357. ಈ 21 ಕಿಲೋಮೀಟರಿನ ವ್ಯತ್ಯಾಸವೇ ಚಿಂಬೊರಾಜೊದ ತುದಿಯನ್ನು ಎವರೆಸ್ಟ್‌ನ ತುದಿಗಿಂತ ಸುಮಾರು ಎರಡು ಕಿಲೋಮೀಟರ್ ಆಚೆಗೆ ಎತ್ತಿ ಹಿಡಿದಿದೆ.

ಉತ್ತರ ಗೊತ್ತಾದ ಮೇಲೆ ಎಲ್ಲರೂ ಎದ್ದು ಹೋಗುತ್ತಾರೆಂದು ನಾನು ತಿಳಿದಿದ್ದೆ. ಮಾತು ಶುರುವಾದದ್ದೇ ಆಮೇಲೆ. ಒಬ್ಬರು ಹವಾಯಿಯ ಮೌನಾ ಕೇಯಾವನ್ನು ತಂದರು: ನೀರಿನ ಮೇಲೆ ಕಾಣುವುದು 4,207 ಮೀಟರ್, ಸಾಗರದ ತಳದಲ್ಲಿರುವ ಬುಡದಿಂದ ಅಳೆದರೆ 10,000 ಮೀಟರಿಗೂ ಹೆಚ್ಚು. ಹಾಗಾದರೆ ಮೂರು ಬೆಟ್ಟಗಳೂ ಮೂರು ಅಳತೆಯಲ್ಲಿ ಮೊದಲನೆಯವು. ಕಾಲೇಜು ಓದುತ್ತಿದ್ದ ಹುಡುಗಿಯೊಬ್ಬಳು ಕೇಳಿದ ಮಾತು ನನಗೆ ಇಂದಿಗೂ ಬಹಳ ಇಷ್ಟ: ‘ಎವರೆಸ್ಟ್‌ನ ಬುಡದಲ್ಲಿ ಸಮುದ್ರವೇ ಇಲ್ಲ. ಮತ್ತೆ ಸಮುದ್ರ ಮಟ್ಟ ಎಂದು ಯಾವುದನ್ನು ಹಿಡಿದು ಅಳೆಯುತ್ತಾರೆ?’ ಅಧ್ಯಾಪಕರು ಅಂದು ರಾತ್ರಿ ಹನ್ನೊಂದರವರೆಗೆ ಕುಳಿತು ಜಿಯಾಯ್ಡ್ ಎಂದರೇನೆಂದು ವಿವರಿಸಿದರು. ನೆಲದ ಕೆಳಗೆ ಕಾಲುವೆ ತೋಡಿ ಸಮುದ್ರದ ನೀರನ್ನು ಬೆಟ್ಟದ ಅಡಿಯವರೆಗೂ ಹರಿಸಿದರೆ, ಗುರುತ್ವದ ಸೆಳೆತಕ್ಕೆ ಅದು ಯಾವ ಮಟ್ಟದಲ್ಲಿ ನಿಶ್ಚಲವಾಗಿ ನಿಲ್ಲುತ್ತದೋ ಅದೇ ಅಲ್ಲಿನ ಸಮುದ್ರ ಮಟ್ಟ. ಭೂಮಿಯೊಳಗಿನ ದ್ರವ್ಯ ಎಲ್ಲ ಕಡೆ ಒಂದೇ ಸಮನಾಗಿ ಹರಡಿಲ್ಲವಾದ್ದರಿಂದ ಆ ಮಟ್ಟವೂ ನುಣುಪಾಗಿಲ್ಲ, ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ದಿಣ್ಣೆ. ಒಂದು ಶಿಖರದ ಹೆಸರು ಕೇಳಲು ಬಂದ ನಾನು ಭೂಮಿಯ ಆಕಾರವನ್ನು ಕಲಿತು ಮಲಗಿದೆ.

ನಾನು ಅಲ್ಲಿಯೇ ಉಳಿದುಕೊಂಡದ್ದು ಆ ರಾತ್ರಿಯಿಂದ. ಈಗ ಮೂರು ವರ್ಷ ದಾಟಿದೆ. ಬಳಗದಲ್ಲಿ ಇರುವವರು ನಲವತ್ತರ ಆಸುಪಾಸು. ಯಾರೂ ಯಾರನ್ನೂ ಮುಖತಃ ಕಂಡಿಲ್ಲ. ಅಧ್ಯಾಪಕರು, ಆಸ್ಪತ್ರೆಯ ದಾದಿ, ಬಡಗಿ, ಲೆಕ್ಕಪತ್ರ ನೋಡುವವರು, ಮನಶ್ಶಾಸ್ತ್ರದ ವಿದ್ಯಾರ್ಥಿನಿ, ಮನೆಯಲ್ಲೇ ಇರುವ ಹಿರಿಯರು. ಮೊದಮೊದಲು ಇಲ್ಲಿ ಅಂಕ ಕೊಡುವ ಪದ್ಧತಿ ಇತ್ತಂತೆ. ನಾನು ಸೇರುವ ಹೊತ್ತಿಗೆ ಅದನ್ನು ಕೈಬಿಟ್ಟಿದ್ದರು. ಒಳ್ಳೆಯದೇ ಆಯಿತು. ಅಂಕದ ಪಟ್ಟಿ ಇದ್ದರೆ ಗೊತ್ತಿದ್ದವರು ಮಾತ್ರ ಬಾಯಿ ತೆರೆಯುತ್ತಾರೆ, ಉಳಿದವರು ಸುಮ್ಮನೆ ಓದಿಕೊಂಡು ಹೋಗುತ್ತಾರೆ. ಇಲ್ಲಿ ಬೇಕಾಗಿದ್ದದ್ದು ಗೊತ್ತಿಲ್ಲದವರ ಮಾತು.

ಹೀಗೆ ಕಲಿತದ್ದು ಏಕೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದು ನಾನು ಒಮ್ಮೆ ಬಳಗದಲ್ಲಿ ಕೇಳಿದೆ. ಮನಶ್ಶಾಸ್ತ್ರದ ವಿದ್ಯಾರ್ಥಿನಿ ಹೇಳಿದ ಮೂರು ಪ್ರಯೋಗಗಳನ್ನು ಆಮೇಲೆ ಹುಡುಕಿ ಓದಿಕೊಂಡೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಲು ಕೊಟ್ಟರು. ಕೆಲವರು ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಸ್ಥಿತಿ ತಿರುವುಮುರುವಾಗಿತ್ತು: ನೆನಪಿನಿಂದ ತಡಕಿ ತೆಗೆದವರಿಗೆ ಹೆಚ್ಚು ನೆನಪಿತ್ತು. 2001ರಲ್ಲಿ ಬ್ರಾಡಿ ಬಟರ್‌ಫೀಲ್ಡ್ ಮತ್ತು ಜಾನೆಟ್ ಮೆಟ್‌ಕಾಫ್ ಕಂಡುಕೊಂಡದ್ದು ಇನ್ನೂ ವಿಚಿತ್ರ. ಅರೆಮನಸ್ಸಿನಿಂದ ಹೇಳಿದ ತಪ್ಪಿಗಿಂತ, ಪೂರ್ತಿ ನಂಬಿಕೆಯಿಂದ ಹೇಳಿದ ತಪ್ಪನ್ನು ತಿದ್ದಿದಾಗ ಆ ತಿದ್ದುಪಡಿ ಹೆಚ್ಚು ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ. ಎವರೆಸ್ಟ್ ಎಂದು ನಾನು ಅಷ್ಟು ಖಚಿತವಾಗಿ ಬರೆದಿದ್ದರಿಂದಲೇ ಚಿಂಬೊರಾಜೊ ನನ್ನಲ್ಲಿ ಬೇರೂರಿತು.

ಮೂರನೆಯದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿತು. 2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದ ಸಂಶೋಧಕರು ಜನರಿಗೆ ಇಂಥ ರಸಪ್ರಶ್ನೆಗಳನ್ನೇ ಕೇಳಿ, ಉತ್ತರ ತಿಳಿಯುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಪರದೆಯ ಮೇಲೆ ಒಂದು ಅಪರಿಚಿತ ಮುಖವನ್ನು ತೋರಿಸಿದರು. ಪ್ರಶ್ನೆಗೂ ಆ ಮುಖಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ, ಯಾವ ಪ್ರಶ್ನೆಯ ಉತ್ತರಕ್ಕಾಗಿ ಮನಸ್ಸು ಹೆಚ್ಚು ಕಾತರಿಸಿತ್ತೋ ಆ ಪ್ರಶ್ನೆಯ ನಡುವೆ ಕಂಡ ಮುಖಗಳೂ ಹೆಚ್ಚು ನೆನಪಿನಲ್ಲಿ ಉಳಿದವು. ಕುತೂಹಲ ಬಾಗಿಲು ತೆರೆದಿಟ್ಟಾಗ ದಾರಿಯಲ್ಲಿ ಹೋಗುವವರೂ ಒಳಗೆ ಬರುತ್ತಾರೆ! ನಮ್ಮ ಬಳಗದಲ್ಲಿ ಆ ಬಾಗಿಲು 24 ಗಂಟೆ ತೆರೆದಿರುತ್ತದೆ. ಕೈಯಲ್ಲಿರುವ ಮೊಬೈಲಿನಿಂದ ಅರ್ಧ ನಿಮಿಷದಲ್ಲಿ ಉತ್ತರ ತೆಗೆಯಬಹುದಾದ ಕಾಲದಲ್ಲಿ, ಬೇಕೆಂದೇ ಒಂದು ದಿನ ಕಾಯುವುದು ಹೊರಗಿನವರಿಗೆ ಹಟದಂತೆ ಕಾಣಬಹುದು. ನನ್ನ ಮಟ್ಟಿಗೆ ಕಲಿಕೆ ನಡೆಯುವುದು ಆ ಕಾಯುವಿಕೆಯಲ್ಲಿಯೇ.

ಒಂದು ಪ್ರಶ್ನೆ ಮಾತಿನ ಬಲದಿಂದ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಕ್ಯಾಲೆಂಡರಿನ ಸುತ್ತ ಮಾತು ನಡೆದ ಮೂರು ದಿನಗಳನ್ನು ಹೇಳಲೇಬೇಕು. ದಾದಿಯವರು ಹಾಕಿದ ಪ್ರಶ್ನೆ: ‘ಸೆಪ್ಟೆಂಬರ್ ಒಂಬತ್ತನೆಯ ತಿಂಗಳು. ಅದರ ಹೆಸರಿನೊಳಗೆ ಬೇರೊಂದು ಸಂಖ್ಯೆ ಅಡಗಿದೆ. ಯಾವುದು, ಏಕೆ?’ ಸಪ್ತ ಎಂದು ಹಲವರಿಗೆ ತಟ್ಟನೆ ಹೊಳೆಯಿತು. ಆಮೇಲೆ ಅಷ್ಟ, ನವ, ದಶ. ಅಕ್ಟೋಬರ್, ನವೆಂಬರ್, ಡಿಸೆಂಬರ್. ಲ್ಯಾಟಿನ್ನಿನ ಸೆಪ್ಟೆಮ್, ಆಕ್ಟೊ, ನೊವೆಮ್, ಡೆಕೆಮ್ ಹಾಗೂ ಸಂಸ್ಕೃತದ ಸಂಖ್ಯೆಗಳು ಹೀಗೆ ಹೋಲುವುದು ಆಕಸ್ಮಿಕವಲ್ಲ, ಅವು ಒಂದೇ ಭಾಷಾ ಕುಟುಂಬದವು ಎಂದು ಒಬ್ಬರು ತಿಳಿಸಿದರು. ಏಳನೆಯದು ಒಂಬತ್ತನೆಯದಾದದ್ದು ಹೇಗೆ? ನಾನು ಮುಂದೆ ಬಂದು, ಜೂಲಿಯಸ್ ಸೀಜರ್ ಮತ್ತು ಅಗಸ್ಟಸ್ ತಮ್ಮ ಹೆಸರಿನ ಎರಡು ತಿಂಗಳುಗಳನ್ನು ನಡುವೆ ಸೇರಿಸಿದ್ದರಿಂದ ಎಂದೆ. ಬಹಳ ಜನ ನಂಬಿರುವ ಮಾತು. ತಪ್ಪು ಮಾತು. ಜುಲೈ, ಆಗಸ್ಟ್ ಹೊಸದಾಗಿ ಸೇರಿದ ತಿಂಗಳುಗಳಲ್ಲ. ಐದನೆಯದು, ಆರನೆಯದು ಎಂಬ ಅರ್ಥದ ಕ್ವಿಂಟಿಲಿಸ್, ಸೆಕ್ಸ್‌ಟಿಲಿಸ್ ಎಂಬ ತಿಂಗಳುಗಳಿಗೇ ಅವರ ಹೆಸರಿಟ್ಟರು. ರೋಮನ್ನರ ವರ್ಷ ಹಿಂದೆ ಮಾರ್ಚ್‌ನಿಂದ ಆರಂಭವಾಗುತ್ತಿತ್ತು. ಜನವರಿ, ಫೆಬ್ರುವರಿ ವರ್ಷದ ತಲೆಗೆ ಬಂದು ನಿಂತಾಗ ಉಳಿದ ತಿಂಗಳುಗಳೆಲ್ಲ ಎರಡೆರಡು ಸ್ಥಾನ ಹಿಂದೆ ಸರಿದವು, ಹೆಸರು ಮಾತ್ರ ಹಳೆಯದೇ ಉಳಿಯಿತು.

‘ಅಂದರೆ ಫೆಬ್ರುವರಿ ಒಂದು ಕಾಲಕ್ಕೆ ವರ್ಷದ ಕೊನೆಯ ತಿಂಗಳಾಗಿತ್ತು. ಅಧಿಕ ದಿನವನ್ನು ಅದಕ್ಕೇ ಅಂಟಿಸುವುದು ಆ ಕಾರಣದಿಂದಲೇ ಇರಬೇಕು’ ಎಂದರು ಬಡಗಿ. ಉಳಿದದ್ದನ್ನೆಲ್ಲ ಕೊನೆಗೆ ಹೊಂದಿಸುವುದು ಅವರ ಕಸುಬಿನಲ್ಲಿ ದಿನನಿತ್ಯದ ಕೆಲಸ. ನಮಗಾರಿಗೂ ಹೊಳೆಯದ ನಂಟು ಅವರಿಗೆ ಹೊಳೆದಿತ್ತು.

ಅಲ್ಲಿಂದ ಮಾತು ಅಧಿಕ ವರ್ಷಕ್ಕೆ ಹೊರಳಿತು. ಎರಡನೆಯ ದಿನ ಲೆಕ್ಕಪತ್ರದವರು ಒಂದು ಒಗಟು ಇಟ್ಟರು. 1582ರಲ್ಲಿ ಇಟಲಿ, ಸ್ಪೇನ್‌ಗಳು ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾದಾಗ ಅಲ್ಲಿ ಅಕ್ಟೋಬರ್ 4ರ ಮಾರನೆಯ ದಿನ ಅಕ್ಟೋಬರ್ 15 ಎಂದು ಎಣಿಸಿದರು, ಹತ್ತು ದಿನ ಬಿಟ್ಟುಹೋಯಿತು. ಬ್ರಿಟನ್ 1752ರಲ್ಲಿ ಅದೇ ಬದಲಾವಣೆ ಮಾಡಿಕೊಂಡಾಗ ಸೆಪ್ಟೆಂಬರ್ 2ರ ನಂತರ 14 ಬಂದಿತು, ಹನ್ನೊಂದು ದಿನ ಹೋಯಿತು. ರಷ್ಯಾದಲ್ಲಿ 1918ರ ಜನವರಿ 31ರ ಮಾರನೆಯ ದಿನ ಫೆಬ್ರುವರಿ 14, ಹದಿಮೂರು ದಿನ. ಒಂದೇ ತಿದ್ದುಪಡಿಗೆ ಹತ್ತು, ಹನ್ನೊಂದು, ಹದಿಮೂರು ಎಂಬ ಬೇರೆ ಬೇರೆ ಬೆಲೆ ಏಕೆ?

ಆ ರಾತ್ರಿ ನಾನು ಕಾಗದ, ಪೆನ್ಸಿಲ್ ತೆಗೆದುಕೊಂಡು ಕುಳಿತೆ. ಹಳೆಯ ಜೂಲಿಯನ್ ಪದ್ಧತಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ವರ್ಷ. ಅಂದರೆ ವರ್ಷಕ್ಕೆ 365.25 ದಿನ. ನಿಜವಾದ ಸೌರವರ್ಷ ಸುಮಾರು 365.2422 ದಿನ. ವರ್ಷಕ್ಕೆ 0.0078 ದಿನ ಹೆಚ್ಚು ಎಣಿಸಿದಂತಾಯಿತು. 400 ವರ್ಷಕ್ಕೆ 3.12 ದಿನ, ಹೆಚ್ಚುಕಡಿಮೆ ಮೂರು. ಹೊಸ ಗ್ರೆಗೋರಿಯನ್ ಪದ್ಧತಿ ಈ ಮೂರನ್ನು ಕಳೆಯುವುದಕ್ಕಾಗಿಯೇ 400ರಿಂದ ಭಾಗವಾಗದ ಶತಮಾನ ವರ್ಷಗಳನ್ನು ಅಧಿಕ ವರ್ಷಗಳ ಪಟ್ಟಿಯಿಂದ ತೆಗೆದುಹಾಕಿತು. ಕಾಗದದ ಮೇಲೆ ಒಂದು ಗೆರೆ ಎಳೆದು 1582, 1600, 1700, 1800, 1900 ಎಂದು ಗುರುತು ಮಾಡಿದೆ. 1600 ಎರಡೂ ಪದ್ಧತಿಯಲ್ಲಿ ಅಧಿಕ ವರ್ಷ, ಆದ್ದರಿಂದ ವ್ಯತ್ಯಾಸ ಹತ್ತೇ. 1700 ಹಳೆಯದರಲ್ಲಿ ಅಧಿಕ, ಹೊಸದರಲ್ಲಿ ಅಲ್ಲ: ಹನ್ನೊಂದು. ಬ್ರಿಟನ್ ಬದಲಾಯಿಸಿದ್ದು ಇದಾದ ಮೇಲೆ. 1800: ಹನ್ನೆರಡು. 1900: ಹದಿಮೂರು. ರಷ್ಯಾ ಬದಲಾಯಿಸಿದ್ದು ಇದಾದ ಮೇಲೆ. ಪೆನ್ಸಿಲ್ ಕೆಳಗಿಟ್ಟಾಗ ಮೈ ಜುಮ್ಮೆಂದಿತು. ಮೂರು ದೇಶಗಳ ಇತಿಹಾಸ ಒಂದು ಗೆರೆಯ ಮೇಲೆ ಸಾಲಾಗಿ ಕುಳಿತಿತ್ತು. ರಷ್ಯಾದ ಅಕ್ಟೋಬರ್ ಕ್ರಾಂತಿಯನ್ನು ನಾವು ನವೆಂಬರ್ 7ರಲ್ಲಿ ಗುರುತಿಸುವುದು ಏಕೆಂದು ಪರೀಕ್ಷೆಗಾಗಿ ಉರುಹೊಡೆದಿದ್ದೆ. ಅಕ್ಟೋಬರ್ 25ಕ್ಕೆ ಹದಿಮೂರು ಕೂಡಿಸಿದರೆ ನವೆಂಬರ್ 7 ಎಂದು ಎಣಿಸಿ ನೋಡಿದ್ದು ಅಂದೇ ಮೊದಲು. ಆ ಕಾಗದದ ಚಿತ್ರ ತೆಗೆದು ಬಳಗಕ್ಕೆ ಕಳುಹಿಸಿದೆ. ‘2000ದಲ್ಲಿ ಏನಾಯಿತು?’ ಎಂದು ಹುಡುಗಿ ಕೇಳಿದಳು. ಗೆರೆಯನ್ನು ಇನ್ನೊಂದು ಅಂಗುಲ ಮುಂದಕ್ಕೆ ಎಳೆದೆ. 2000 ಎರಡರಲ್ಲೂ ಅಧಿಕ ವರ್ಷ. ವ್ಯತ್ಯಾಸ ಇಂದಿಗೂ ಹದಿಮೂರೇ.

ಮಾಹಿತಿಗಿಂತಲೂ ಜನರ ಕಸುಬಿನಿಂದ ಬಂದ ತಿಳಿವಳಿಕೆ ಇಲ್ಲಿ ನನಗೆ ಹೆಚ್ಚು ದಕ್ಕಿತು ಎನ್ನಬೇಕು. ಆಕ್ಟೋಪಸ್ಸಿನ ರಕ್ತ ನೀಲಿ ಏಕೆ ಎಂಬ ಪ್ರಶ್ನೆ ಬಂದಾಗ, ಅದರಲ್ಲಿ ಆಮ್ಲಜನಕ ಹೊರುವ ವಸ್ತುವಿನಲ್ಲಿ ಕಬ್ಬಿಣದ ಬದಲು ತಾಮ್ರವಿದೆ ಎಂಬ ಉತ್ತರ ಸಿಕ್ಕಿತು. ಆಗ ಒಬ್ಬರು, ನಮ್ಮ ರಕ್ತನಾಳದೊಳಗೂ ರಕ್ತ ನೀಲಿಯೇ, ಗಾಳಿ ತಾಗಿದರೆ ಕೆಂಪಾಗುತ್ತದೆ ಎಂದರು. ನಾಲ್ಕೈದು ಜನ ಹೌದೆಂದರು. ದಾದಿಯವರು ರಾತ್ರಿ ಪಾಳಿಯ ನಡುವೆ ಬರೆದರು: ‘ದಿನವೂ ರಕ್ತ ತೆಗೆಯುತ್ತೇನೆ. ಗಾಳಿ ತಾಗದ ಕೊಳವೆಯೊಳಕ್ಕೇ ಬರುತ್ತದೆ. ಒಂದು ದಿನವೂ ನೀಲಿ ಕಂಡಿಲ್ಲ. ಕಡುಗೆಂಪು.’ ಚರ್ಮದ ಮೂಲಕ ಬೆಳಕು ಹಾದುಬರುವ ರೀತಿಯಿಂದ ನಾಳ ನೀಲಿಯಾಗಿ ಕಾಣುತ್ತದೆ, ಅಷ್ಟೇ. ಇನ್ನೊಮ್ಮೆ ಪೈಥಾಗೊರಸ್‌ನ ಪ್ರಮೇಯದ ಮಾತು ಬಂದಾಗ ಬಡಗಿಯವರು, ಚೌಕಟ್ಟಿನ ಮೂಲೆ ನೇರವಾಗಿದೆಯೇ ಎಂದು ನೋಡಲು ಒಂದು ಅಂಚಿನಲ್ಲಿ ಮೂರು ಅಳತೆ, ಇನ್ನೊಂದರಲ್ಲಿ ನಾಲ್ಕು ಗುರುತು ಮಾಡಿ, ಎರಡು ಗುರುತುಗಳ ನಡುವೆ ಸರಿಯಾಗಿ ಐದು ಬರುತ್ತದೆಯೇ ಎಂದು ಪಟ್ಟಿ ಹಿಡಿದು ನೋಡುತ್ತೇನೆ ಎಂದರು. ಅವರಿಗೆ ಅದು ಗುರುಗಳು ಹೇಳಿಕೊಟ್ಟ ಕೈಚಳಕ. ಪ್ರಮೇಯದ ಹೆಸರೇ ಕೇಳಿರಲಿಲ್ಲ. ಜೀವಮಾನವಿಡೀ ಆ ಪ್ರಮೇಯ ಕಲಿಸಿದ ಅಧ್ಯಾಪಕರು ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ, ‘ಇದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಚಿತ್ರ ಕಳುಹಿಸುತ್ತೀರಾ?’ ಎಂದು ಕೇಳಿದರು. ಮರುದಿನ ಮರದ ಚೌಕಟ್ಟು, ಅದರ ಮೇಲೆ ಪೆನ್ಸಿಲ್ ಗುರುತು, ಓರೆಯಾಗಿ ಹಿಡಿದ ಅಳತೆಪಟ್ಟಿಯ ಚಿತ್ರ ಬಂದಿತು. ಅದು ಈಗಲೂ ನನ್ನ ಮೊಬೈಲಿನಲ್ಲಿದೆ.

ಆರು ತಿಂಗಳ ನಂತರ ಪ್ರಶ್ನೆ ಹಾಕುವ ಸರದಿ ನನಗೂ ಬಂದಿತು. ನನ್ನ ಮೊದಲ ಪ್ರಶ್ನೆ: ಪ್ಲೂಟೊವನ್ನು ಕಂಡುಹಿಡಿದವರು ಯಾರು, ಯಾವ ವರ್ಷ? ಕ್ಲೈಡ್ ಟಾಂಬೊ, 1930 ಎಂದು ಇಬ್ಬರು ಬರೆದರು. ಉಳಿದವರಿಗೆ ಹೇಳಲು ಏನೂ ಇರಲಿಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ನಡುವೆ ನಡೆಯಲು ದಾರಿಯೇ ಇಲ್ಲದ ಪ್ರಶ್ನೆ ಅದು. ಅಧ್ಯಾಪಕರು ಪ್ರತ್ಯೇಕವಾಗಿ ಸಂದೇಶ ಕಳುಹಿಸಿ ಹೇಳಿಕೊಟ್ಟರು: ‘ಉತ್ತರಕ್ಕೆ ಬೇಕಾದ ಸಾಮಾನು ಎಲ್ಲರ ಮನೆಯಲ್ಲೂ ಇರಬೇಕು. ಜೋಡಿಸುವ ಕೆಲಸ ಮಾತ್ರ ಉಳಿಸಿ.’ ಅದೇ ವಿಷಯವನ್ನು ಒಂದು ವಾರ ತಿರುವಿಹಾಕಿ ಹೀಗೆ ಬರೆದೆ: ‘ಪ್ಲೂಟೊವನ್ನು 1930ರಲ್ಲಿ ಗ್ರಹವೆಂದು ಕರೆದರು, 2006ರಲ್ಲಿ ಆ ಪಟ್ಟಿಯಿಂದ ಹೊರಗಿಟ್ಟರು. ಗ್ರಹವೆನಿಸಿಕೊಂಡಿದ್ದ ಕಾಲದಲ್ಲಿ ಅದು ಸೂರ್ಯನನ್ನು ಎಷ್ಟು ಸುತ್ತು ಹಾಕಿತು?’ ಅಂದು ಬಂದಷ್ಟು ಊಹೆಗಳು ಹಿಂದೆಂದೂ ಬಂದಿರಲಿಲ್ಲ. ಹತ್ತು ಎಂದರು, ಎರಡು ಎಂದರು. ದೂರ ಹೋದಷ್ಟೂ ಗ್ರಹ ನಿಧಾನ ಎಂದು ಒಬ್ಬರು ನೆನಪಿಸಿದ ಮೇಲೆ ಸಂಖ್ಯೆ ಇಳಿಯತೊಡಗಿತು. ಪ್ಲೂಟೊಗೆ ಒಂದು ಸುತ್ತಿಗೆ ಸುಮಾರು 248 ವರ್ಷ ಬೇಕು. ಗ್ರಹವಾಗಿದ್ದ 76 ವರ್ಷದಲ್ಲಿ ಅದು ಮೂರನೆಯ ಒಂದು ಭಾಗವನ್ನೂ ಮುಗಿಸಿರಲಿಲ್ಲ. ‘ಪಾಪ, ಒಂದು ಹುಟ್ಟುಹಬ್ಬವನ್ನೂ ಆಚರಿಸಲು ಬಿಡಲಿಲ್ಲ’ ಎಂದು ಹಿರಿಯರೊಬ್ಬರು ಬರೆದದ್ದು ನೆನಪಿದೆ. ಒಳ್ಳೆಯ ಪ್ರಶ್ನೆ ಕಟ್ಟಬೇಕಾದರೆ ವಿಷಯವನ್ನು ಉತ್ತರ ಹೇಳುವವರಿಗಿಂತ ಹತ್ತುಪಟ್ಟು ಅರಿತಿರಬೇಕು ಎಂಬುದು ಕಟ್ಟಲು ಕುಳಿತಾಗ ಗೊತ್ತಾಯಿತು. ನಾನು ಅತಿ ಹೆಚ್ಚು ಕಲಿತದ್ದು ನನ್ನ ಸರದಿಯ ಹಿಂದಿನ ವಾರಗಳಲ್ಲಿ.

ಎಡವಿದ್ದೂ ಅಲ್ಲಿಯೇ. ಕ್ವಿಜ್ ಎಂಬ ಪದ ಹುಟ್ಟಿದ ಕಥೆಯನ್ನು ಪ್ರಶ್ನೆಯಾಗಿಸಿದ್ದೆ. 1791ರಲ್ಲಿ ಡಬ್ಲಿನ್‌ನ ರಂಗಮಂದಿರದ ವ್ಯವಸ್ಥಾಪಕನೊಬ್ಬ, ಅರ್ಥವಿಲ್ಲದ ಪದವೊಂದನ್ನು ಒಂದೇ ದಿನದಲ್ಲಿ ಎಲ್ಲರ ಬಾಯಲ್ಲಿ ಆಡಿಸುತ್ತೇನೆಂದು ಪಣ ತೊಟ್ಟು, ರಾತ್ರೋರಾತ್ರಿ ನಗರದ ಗೋಡೆಗಳ ಮೇಲೆಲ್ಲ ಅದನ್ನು ಬರೆಸಿದನಂತೆ. ಸುಂದರವಾದ ಕಥೆ, ಹತ್ತಾರು ಕಡೆ ಓದಿದ್ದೆ. ಉತ್ತರ ಪ್ರಕಟಿಸಿದ ಕೆಲವೇ ನಿಮಿಷಗಳಲ್ಲಿ ಹಿರಿಯರೊಬ್ಬರು ಮೃದುವಾಗಿ ಕೇಳಿದರು: ‘ಆ ಪದ ಅದಕ್ಕಿಂತ ಹಿಂದೆಯೇ, 1780ರ ದಶಕದ ಬರಹಗಳಲ್ಲಿ, ವಿಚಿತ್ರ ಮನುಷ್ಯ ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತಲ್ಲ, ಅದನ್ನು ಹೇಗೆ ಹೊಂದಿಸುತ್ತೀರಿ?’ ಹೊಂದಿಸಲು ಆಗಲಿಲ್ಲ. ಕಥೆ ಬಿದ್ದುಹೋಯಿತು. ಮುಖ ಬಿಸಿಯಾಯಿತು, ಆ ಬಿಸಿ ಎರಡು ದಿನ ಇತ್ತು. ಆದರೆ ಅವರು ತಿದ್ದಿದ ರೀತಿಯನ್ನು ಈಗಲೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ‘ತಪ್ಪು’ ಎಂಬ ಪದವನ್ನು ಅವರು ಬಳಸಲೇ ಇಲ್ಲ. ನನ್ನ ಕೈಗೆ ಒಂದು ವರ್ಷವನ್ನು ಕೊಟ್ಟು, ಉಳಿದದ್ದನ್ನು ನನಗೇ ಬಿಟ್ಟರು.

ಹತ್ತಾರು ಕಡೆ ಓದಿದ್ದು ಏಕೆ ಸಾಲಲಿಲ್ಲ? ಆ ಹತ್ತೂ ಕಡೆಯವರು ಒಬ್ಬರಿಂದೊಬ್ಬರು ನಕಲು ಮಾಡಿದ್ದರು. ಇದನ್ನು ಹೇಳಿಕೊಂಡಾಗ ಬಳಗದಲ್ಲಿ ಒಬ್ಬರು ಅಗ್ಲೋ ಎಂಬ ಊರಿನ ಕಥೆ ಹೇಳಿದರು. 1930ರ ದಶಕದಲ್ಲಿ ಅಮೆರಿಕದ ನಕ್ಷೆ ತಯಾರಕರು, ತಮ್ಮ ನಕ್ಷೆಯನ್ನು ಯಾರಾದರೂ ಕದ್ದರೆ ಸಿಕ್ಕಿಬೀಳಲಿ ಎಂದು ನ್ಯೂಯಾರ್ಕ್ ರಾಜ್ಯದ ಒಂದು ಕೂಡುರಸ್ತೆಯ ಮೇಲೆ ಇಲ್ಲದ ಊರೊಂದನ್ನು ಬರೆದರು. ಮುಂದೆ ಯಾರೋ ನಕ್ಷೆಯಲ್ಲಿ ಆ ಹೆಸರು ನೋಡಿ ಅದೇ ಜಾಗದಲ್ಲಿ ಅದೇ ಹೆಸರಿನ ಅಂಗಡಿ ತೆರೆದರು! ಸುಳ್ಳು ಊರಿಗೆ ನಿಜವಾದ ಅಂಗಡಿ. ಅಂದಿನಿಂದ ನಾನು ಒಂದು ಸಂಗತಿ ಎಷ್ಟು ಕಡೆ ಇದೆ ಎಂದು ಎಣಿಸುವುದನ್ನು ಬಿಟ್ಟು, ಅದು ಮೊದಲು ಎಲ್ಲಿ ಹುಟ್ಟಿತು ಎಂದು ಹುಡುಕುತ್ತೇನೆ. ಸಿಗದಿದ್ದರೆ ಆ ಪ್ರಶ್ನೆಯನ್ನು ಎಷ್ಟೇ ಆಸೆಯಿದ್ದರೂ ಕೈಬಿಡುತ್ತೇನೆ.

ಒಂದೇ ಒಂದು ಸಲ ಮಾತು ಜಗಳದ ಅಂಚಿಗೆ ಹೋಗಿತ್ತು. ಶುಕ್ರಗ್ರಹದಲ್ಲಿ ದಿನ ದೊಡ್ಡದೋ ವರ್ಷ ದೊಡ್ಡದೋ? ತನ್ನ ಸುತ್ತ ಒಮ್ಮೆ ತಿರುಗಲು ಅದಕ್ಕೆ ನಮ್ಮ 243 ದಿನ ಬೇಕು, ಸೂರ್ಯನನ್ನು ಸುತ್ತಲು 225. ಆದ್ದರಿಂದ ದಿನವೇ ದೊಡ್ಡದು ಎಂದರು ಒಂದು ಕಡೆಯವರು. ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸಿದರೆ, ಅದು ಹಿಮ್ಮುಖವಾಗಿ ತಿರುಗುವುದರಿಂದ, ಸುಮಾರು 117 ದಿನ. ಆದ್ದರಿಂದ ವರ್ಷವೇ ದೊಡ್ಡದು ಎಂದರು ಇನ್ನೊಂದು ಕಡೆಯವರು. ಧ್ವನಿ ಏರಿತು. ಇಬ್ಬರು ಒಂದು ವಾರ ಮಾತು ಬಿಟ್ಟರು. ಕಡೆಗೆ ಅವರನ್ನು ಕೂಡಿಸಿದ್ದು ಹುಡುಗಿಯ ಒಂದು ಸಾಲು: ‘ಚಿಂಬೊರಾಜೊ ದಿನ ಕಲಿತದ್ದನ್ನು ಮರೆತೆವಾ? ಎಲ್ಲಿಂದ ಅಳೆದರೆ?’

ಮರೆವಿನ ವಿಷಯವನ್ನೂ ಹೇಳಬೇಕು. ಮೊದಲ ವರ್ಷ ಸರಸರನೆ ಕಲಿತು ಸರಸರನೆ ಮರೆಯುತ್ತಿದ್ದೆ. ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಆ ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲಿ ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ ಎಂಬುದು ಅವನ ಗೆರೆ ತೋರಿಸಿದ ಸತ್ಯ. ಅದನ್ನು ಓದಿದ ಮೇಲೆ ನಾನು ಒಂದು ಪುಸ್ತಕ ಮಾಡಿಕೊಂಡೆ. ಅದರಲ್ಲಿ ಪ್ರಶ್ನೆಗಳನ್ನು ಮಾತ್ರ ಬರೆಯುತ್ತೇನೆ, ಉತ್ತರಗಳನ್ನಲ್ಲ. ಮಾರನೆಯ ದಿನ ಒಮ್ಮೆ, ಒಂದು ವಾರಕ್ಕೆ ಒಮ್ಮೆ, ತಿಂಗಳಿಗೆ ಒಮ್ಮೆ ಪುಟ ತಿರುವಿ, ನೆನಪಿನಿಂದಲೇ ಉತ್ತರ ತೆಗೆಯಲು ಯತ್ನಿಸುತ್ತೇನೆ. ಬಾರದಿದ್ದರೆ ಬಳಗದ ಹಳೆಯ ಮಾತುಕತೆಗೆ ಹೋಗಿ ಓದುತ್ತೇನೆ. ಆಗ ಉತ್ತರದೊಂದಿಗೆ ಅದನ್ನು ಹೇಳಿದವರ ದನಿಯೂ ಮರಳುತ್ತದೆ. ಕಡುಗೆಂಪು ಎಂದರೆ ದಾದಿಯವರು, ಐದು ಎಂದರೆ ಬಡಗಿಯವರು.

ಇದರಿಂದ ಯಾವುದೇ ಶಾಸ್ತ್ರವನ್ನು ಪೂರ್ತಿ ಕಲಿತೆನೆಂದು ಹೇಳಲಾರೆ. ಅದಕ್ಕೆ ಪುಸ್ತಕ ಹಿಡಿದು ಕುಳಿತುಕೊಳ್ಳಲೇಬೇಕು. ಖಗೋಳದ ಬಗ್ಗೆ ನಾನು ಈಗ ಹಾಗೆ ಕುಳಿತಿದ್ದೇನೆ, ಕುಳ್ಳಿರಿಸಿದ್ದು ಈ ಬಳಗ. ಇಂಥ ಬಿಡಿ ಸಂಗತಿಗಳಿಗೆ ಇಂಗ್ಲಿಷಿನಲ್ಲಿ ಹೇಳುವ ಟ್ರಿವಿಯಾ ಎಂಬ ಪದದ ಮೂಲ ಲ್ಯಾಟಿನ್ನಿನಲ್ಲಿ ‘ಮೂರು ದಾರಿ ಸೇರುವ ಜಾಗ’. ಎಲ್ಲರೂ ಹಾದುಹೋಗುವ, ನಿಂತು ಮಾತಾಡುವ ಜಾಗವಾದ್ದರಿಂದ ‘ಸಾಮಾನ್ಯವಾದದ್ದು’ ಎಂಬ ಅರ್ಥ ಬಂದಿತು, ಆಮೇಲೆ ‘ಕ್ಷುಲ್ಲಕ’ ಎಂಬ ಅರ್ಥ. ಕನ್ನಡದಲ್ಲಿ ಅದನ್ನೇ ಕೇಳುವ ಆಟಕ್ಕೆ ರಸಪ್ರಶ್ನೆ ಎಂದು ಹೆಸರಿಟ್ಟವರು ಬಹಳ ಸರಿಯಾದ ಪದವನ್ನು ಹುಡುಕಿದರು ಎಂದು ನನಗೆ ಅನ್ನಿಸುತ್ತದೆ.

ನಾಳೆ ರಾತ್ರಿ ಮತ್ತೆ ನನ್ನ ಸರದಿ. ಎರಡು ವಾರದಿಂದ ತಿದ್ದಿ ತಿದ್ದಿ ಪ್ರಶ್ನೆಯನ್ನು ಇಷ್ಟಕ್ಕೆ ತಂದು ನಿಲ್ಲಿಸಿದ್ದೇನೆ. ಒಂದು ಕೋಣೆಯಲ್ಲಿ ಎರಡು ಉಷ್ಣತಾಮಾಪಕಗಳಿವೆ, ಒಂದು ಸೆಲ್ಸಿಯಸ್, ಇನ್ನೊಂದು ಫ್ಯಾರನ್‌ಹೀಟ್. ಚಳಿ ಏರುತ್ತಾ ಏರುತ್ತಾ ಒಂದು ಗಳಿಗೆಯಲ್ಲಿ ಎರಡೂ ಒಂದೇ ಸಂಖ್ಯೆಯನ್ನು ತೋರಿಸುತ್ತವೆ. ಯಾವ ಸಂಖ್ಯೆ? ನೀರು ಹೆಪ್ಪುಗಟ್ಟುವಾಗ ಒಂದರಲ್ಲಿ 0, ಇನ್ನೊಂದರಲ್ಲಿ 32. ಕುದಿಯುವಾಗ 100 ಮತ್ತು 212. ಬೇಕಾದ ಸಾಮಾನೆಲ್ಲ ಇಷ್ಟರಲ್ಲೇ ಇದೆ. ಉತ್ತರ ನಾಡಿದ್ದು ಒಂಬತ್ತಕ್ಕೆ.